ಹಾಲಿನ ಲೆಕ್ಕದ ಪಕ್ಕದಲ್ಲೇ ಉಪಕಾರದ ಲೆಕ್ಕ

ಉಪಕಾರಕ್ಕೆ ರೇಟು ಹಾಕಬಾರದು ಅಂತ ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಸಂಘದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಮ್ಮೂರಿನ ರಿಟೈರ್ಡ್ ಮೇಷ್ಟ್ರೊಬ್ಬರು ‘ದೈವ ಮೆಚ್ಚೋ ಕೆಲಸ ಅಲ್ಲ ಕಣಮ್ಮ ಇದು’ ಅಂದರು. ನಮ್ಮ ಯಜಮಾನರು ‘ಒಳ್ಳೇ ಹಾಲಿಗೆ ನೀರು ಬೆರೆಸಿದ ಹಾಗಾಯ್ತು’ ಅಂತ ಎದ್ದು ಹೋದರು. ಯಾರಿಂದ ಏನು ಉಪಕಾರ ಆಯ್ತು, ರೂಪಾಯಿ ಲೆಕ್ಕದಲ್ಲಿ ಅದು ಎಷ್ಟು ಅಂತ ದಿನಾ ಬರೆದಿಡೋ ಪುಸ್ತಕ ನನ್ನದು. ಎರಡು ವರ್ಷ ದಾಟಿತು, ಇನ್ನೂ ನಿಂತಿಲ್ಲ. ನಕ್ಕವರಲ್ಲೇ ನಾಕೈದು ಜನ ಈಗ ಸ್ಕೇಲು ಇಟ್ಟು ಗೆರೆ ಎಳ್ಕೊಂಡು ಬರೀತಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆದು ಹೇಳ್ತಿದ್ದೀನಿ.

ನಾನು ಮದ್ದೂರು ತಾಲೂಕಿನವಳು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇಭಾಗದಲ್ಲಿ ಒಂದು ಎಕರೆ ಚಿಲ್ಲರೆ ಜಮೀನು, ಕೊಟ್ಟಿಗೇಲಿ ಎರಡು ಸೀಮೆಹಸು. ದಿನಕ್ಕೆ ಮೂರು ಒಳ್ಳೇ ಸಂಗತಿ ಬರೆದಿಡಿ, ಮನಸ್ಸು ಹಗುರಾಗುತ್ತೆ ಅನ್ನೋ ಮಾತು ನೀವೂ ಕೇಳಿರ್ತೀರಿ, ಮಾಡಿರ್ತೀರಿ, ಬಿಟ್ಟೂ ಇರ್ತೀರಿ. ಯಾಕೆ ಬರೀಬೇಕು ಅನ್ನೋ ಪುರಾಣ ಬೇಡ. ನನ್ನ ಕೈಯಲ್ಲಿ ಯಾವುದು ನಿಲ್ಲಲಿಲ್ಲ, ಯಾವುದು ನಿಂತಿತು, ಅಷ್ಟೇ ಹೇಳ್ತೀನಿ.

ಮೊದಲು ತಂದದ್ದು ಚಿನ್ನದ ಬಣ್ಣದ ಅಂಚಿನ ಡೈರಿ. ಮಂಡ್ಯ ಪೇಟೇಲಿ 200 ರೂಪಾಯಿ ಮೇಲೇ ಕೊಟ್ಟಿದ್ದೆ, ನಾಕು ಕೇಜಿ ಕಡ್ಲೆಕಾಯಿ ಹಿಂಡಿ ಬರ್ತಿತ್ತು. ರಾತ್ರಿ ಮುದ್ದೆ ಉಂಡು ಪಾತ್ರೆ ತೊಳೆದು ಪೆನ್ನು ಹಿಡಿದರೆ ಕಣ್ಣು ಎಳೀತದೆ. ನಿದ್ದೆಗಣ್ಣಲ್ಲಿ ಬರೆದದ್ದು ದಿನಾ ಒಂದೇ: ‘ಗಂಡ, ಮಕ್ಕಳು, ದೇವರು.’ ಅದನ್ನ ಓದಿದರೆ ನನಗೇ ಬೇಜಾರು. ಆಮೇಲೆ ಮಗಳು ಮೊಬೈಲಿಗೆ ಒಂದು ಆಪ್ ಹಾಕಿಕೊಟ್ಟಳು. ಅದು ಸರಿಯಾಗಿ ಹಾಲು ಕರೆಯೋ ಹೊತ್ತಿಗೇ ಟಿಣ್ ಅನ್ನೋದು. ಒಂದು ಸಂಜೆ ಹಸು ಬೆದರಿ ಒದ್ದು, ಮೊಬೈಲು ಗಂಜಲದೊಳಗೆ ಬಿತ್ತು. ರಿಪೇರಿಗೆ 1,800. ಯಜಮಾನರ ಜೊತೆ ಕೂತು ‘ನೀವೊಂದು ಹೇಳಿ, ನಾನೊಂದು ಹೇಳ್ತೀನಿ’ ಅಂತಲೂ ಮಾಡಿದೆ. ಮೂರನೇ ಮಾತಿಗೇ ನನ್ನ ತಮ್ಮನಿಗೆ ಕೊಟ್ಟ ಕೈಸಾಲದ ಸುದ್ದಿ ಬಂತು, ಅಲ್ಲಿಗೆ ಭಜನೆ ಮುಗೀತು.

ದಾರಿ ಸಿಕ್ಕಿದ್ದು 2023ರ ಸೆಪ್ಟೆಂಬರಲ್ಲಿ. ಕನ್ನಂಬಾಡಿ (ಕೆ.ಆರ್.ಎಸ್.) ಕಟ್ಟೆ ತುಂಬಿರಲಿಲ್ಲ, ಕಾವೇರಿ ಗಲಾಟೆ, ಮಂಡ್ಯ ಬಂದ್, ನಾಲೇಲಿ ನೀರಿಲ್ಲ, ಹುಲ್ಲಿನ ಬೆಲೆ ಕೇಳೋ ಹಾಗಿಲ್ಲ. ಅದೇ ಹೊತ್ತಿಗೆ ದೊಡ್ಡ ಹಸುವಿಗೆ ಕೆಚ್ಚಲು ಬಾವು. ಸಾಕಿದವರಿಗೆ ಗೊತ್ತು, ಇಂಜೆಕ್ಷನ್ ಕೊಟ್ಟ ಮೇಲೆ ಆ ಹಾಲು ಡೇರಿಗೆ ಹಾಕೋ ಹಾಗಿಲ್ಲ. ಕರೆದು ಕರೆದು ಗುಂಡಿಗೆ ಸುರಿದೆ. ಹಾಲಿನ ಲೆಕ್ಕ ಬರೆಯೋ ನೋಟ್‌ಬುಕ್ಕಲ್ಲಿ ಲೀಟರು, ಹಾಲಿಗೆ ರೇಟು ಕಟ್ಟೋ ಫ್ಯಾಟು (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಅಂತ ಇರೋ ಕಡೆ ಬರೀ ಸೊನ್ನೆ. ಔಷಧಿ, ಹಾಲಿನ ಲುಕ್ಸಾನು ಎಲ್ಲಾ ಕೂಡಿದರೆ ಹೆಚ್ಚೂಕಮ್ಮಿ 7 ಸಾವಿರ. ಹೊಟ್ಟೆ ಉರಿದು ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಲೆಕ್ಕ ಬರೆದೆ. ರಾತ್ರಿ ಹನ್ನೊಂದಕ್ಕೆ ಬಂದು ಸೂಜಿ ಹಾಕಿ, ಕಾಸು ಬೇಡ ಅಂದು ಹೋದ ಕಾಂಪೌಂಡರು, 400. ವಾರವೆಲ್ಲ ಹಸಿಮೇವು ಕೊಟ್ಟ ಎದುರುಮನೆಯಾಕೆ, ಸಾವಿರದ ಮೇಲೆ. ಕೆಚ್ಚಲಿಗೆ ದಿನಕ್ಕೆ ಮೂರು ಸಲ ಕಾವು ಕೊಟ್ಟು, ಆ ಮೊಲೆ ಕಲ್ಲಾಗದ ಹಾಗೆ ನೋಡ್ಕೊಂಡ ನಮ್ಮತ್ತೆ, ಅದಕ್ಕೆ ಕೂಲಿ ಹಾಕಿದರೂ ಸಾವಿರ. ಏಳು ಸಾವಿರ ಹೋಯ್ತು ಅಂತ ಅಳ್ತಿದ್ದವಳಿಗೆ ಒಂಬತ್ತೂವರೆ ಹೋಗಬೇಕಿತ್ತು ಅನ್ನೋದು ಅಂಕಿಯಾಗಿ ಕಂಡಿತು. ಎರಡೂವರೆ ಸಾವಿರದ ಎದುರು ಮೂರು ಹೆಸರು. ಡೈರಿ ಬರೆದಾಗ ಬಾರದ ಕಣ್ಣೀರು ಆವತ್ತು ಬಂತು.

ಅಲ್ಲಿಂದ ಅದೇ ಪದ್ಧತಿ. ಬೆಳಗ್ಗೆ, ಸಂಜೆ ಎರಡು ಹೊತ್ತು ಹಾಲಿನ ಲೆಕ್ಕ ಹೇಗೂ ಬರೀತೀವಲ್ಲ, ಆ ಸಾಲಿನಲ್ಲೇ ಇನ್ನೆರಡು ಕಾಲಂ: ಯಾರಿಂದ, ಎಷ್ಟು. ಹೊಸದಾಗಿ ನೆನಪಿಟ್ಟುಕೊಂಡು ಮಾಡೋದು ಏನೂ ಇಲ್ಲ. ‘ಎಲ್ಲರಿಂದ’ ಅಂತ ಬರೆಯೋ ಹಾಗಿಲ್ಲ, ಒಬ್ಬರ ಹೆಸರೇ ಬೇಕು. ನೆನ್ನೆ ಬರೆದದ್ದನ್ನೇ ಇವತ್ತು ಬರೀಬೇಕಾದರೆ ಮೊತ್ತ ಬೇರೆ ಇರಬೇಕು. ಈ ಕಟ್ಟಳೆ ಹಾಕ್ಕೊಂಡ ಮೇಲೆ ದಿನವೆಲ್ಲ ಕಣ್ಣು ತೆರೆದೇ ಇರ್ತದೆ, ಸಂಜೆಗೆ ಬರೆಯೋಕೆ ಒಂದು ಹೆಸರು ಬೇಕಲ್ಲ! ಏನೂ ಸಿಗದ ಬರಡು ದಿನಕ್ಕೆ ನನ್ನ ಹತ್ರ ಒಂದು ಉಪಾಯ ಇದೆ. ಸಂಘದವರಿಗೇ ಹೇಳಿಲ್ಲ, ಇಲ್ಲೂ ಹೇಳಲ್ಲ.

ಅತ್ತೆಯ ಕೆಲಸಕ್ಕೆ ಮಾತ್ರ ಖಾಯಂ ರೇಟು, ಹೆಸರು ದಿನಾ ಬಂದರೂ ಅಡ್ಡಿಯಿಲ್ಲ. ಹೆಣ್ಣಾಳಿನ ಕೂಲಿ ನಮ್ಮ ಕಡೆ 300-350 ಇತ್ತು. ಬದುವಿನಲ್ಲಿ ಎರಡು ಗಂಟೆ ಹುಲ್ಲು ಕುಯ್ದು ತರ್ತಾರೆ, ಅದಕ್ಕೆ 80 ಹಾಕಿದ್ದೆ. ಡೇರಿ ಸೆಕ್ರೆಟರಿ ಹೆಸರೂ ಹಲವು ಸಲ ಬಂದಿದೆ. ಒಂದಿನ ಫ್ಯಾಟು 3.1 ತೋರಿಸಿತು. ಆತ ನನ್ನ ಮುಖ ನೋಡಿ, ಕ್ಯಾನಿನ ಹಾಲನ್ನ ಅಡಿಯಿಂದ ಚೆನ್ನಾಗಿ ತಿರುವಿ ಇನ್ನೊಂದು ಸ್ಯಾಂಪಲ್ ಹಾಕಿದ. ಕೆನೆ ಮೇಲೆ ನಿಂತಿತ್ತು, 3.6 ಬಂತು. ಹದಿನೈದಿಪ್ಪತ್ತು ರೂಪಾಯಿ ಮಾತು. ಆದರೆ ಹಿಂದೆ ಕ್ಯೂ ಇತ್ತು, ಅವನು ಮಾಡಲೇಬೇಕು ಅಂತೇನೂ ಇರಲಿಲ್ಲ. ಬೆಂಗಳೂರಲ್ಲಿರೋ ಮಗ ಫೋನ್ ಮಾಡಿ ಬರೀ ‘ಊಟ ಆಯ್ತಾ’ ಅಂತ ಕೇಳ್ತಾನೆ. ಅದಕ್ಕೆ ರೇಟು ಹಾಕೋಕೆ ನೋಡಿದೆ, ಆಗಲಿಲ್ಲ. ಟಿಕ್ ಹಾಕಿ ಬಿಡ್ತೀನಿ. ಯಜಮಾನರ ರೇಟು ಹೇಗೆ ಕಟ್ಟಿದೆ ಅನ್ನೋದು ನಮ್ಮಿಬ್ಬರ ಮಧ್ಯೆ ಇರಲಿ.

ನಡುವೆ ಪರೀಕ್ಷೆಗಳೂ ನಡೆದವು. ಕೆಂಪು ಇಂಕಿನಲ್ಲಿ ದೂರುಗಳನ್ನೂ ಬರೆದರೆ ಹೇಗೆ ಅಂತ ಒಂದು ತಿಂಗಳು ನೋಡಿದೆ. ಕೆಂಪು ಬಲು ಬೇಗ ತುಂಬಿತು, ಓದಿದರೆ ತಲೆನೋವು, ನಿಲ್ಲಿಸಿದೆ. ಕೊಟ್ಟಿಗೇಲಿ ರೇಡಿಯೋ ಇಟ್ಟೆ. ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದೇ ಮೈಸೂರಲ್ಲಿ, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೇಲೇ ರೇಡಿಯೋ ಕೇಂದ್ರ ಶುರು ಮಾಡಿದ್ದು, ನಮ್ಮ ಹಸುಗಳೂ ಕೇಳಲಿ ಅಂತ. ಬೆಳಗಿನ ಭಕ್ತಿಗೀತೆಗೆ ಫ್ಯಾಟು ಒಂದು ಪಾಯಿಂಟೂ ಏರಲಿಲ್ಲ. ನನ್ನ ಕೈ ಮಾತ್ರ ನಿಧಾನವಾಯ್ತು, ಹಸು ಒದೆಯೋದು ಕಡಿಮೆಯಾಯ್ತು. ರೇಡಿಯೋ ಈಗಲೂ ಇದೆ.

ದೇವರ ಖಾತೆ ಬಹಳ ಸತಾಯಿಸಿತು. ಸಿಕ್ಕಿದ್ದನ್ನ ಬರೆದರೆ ಅದರ ಹಿಂದೆ ಯಾರೋ ಮನುಷ್ಯರು ಇದ್ದೇ ಇರ್ತಾರೆ. ಹಾಗಾಗಿ ಮಾದಪ್ಪನ ಸಾಲಿನಲ್ಲಿ ಆಗಬೇಕಿದ್ದು ಆಗದೇ ಹೋದದ್ದನ್ನ ಮಾತ್ರ ಬರೀತೀನಿ. ಹುಲ್ಲಿನ ಮೆದೆಯಿಂದ ಹಾವು ಬಂದು ಅತ್ತೆ ಕಾಲ ಮೇಲೇ ಹರಿದು ಹೋದದ್ದು, ಆ ತರಹದ್ದು. 2022ರಲ್ಲಿ ಚರ್ಮಗಂಟು ರೋಗ ಊರೆಲ್ಲ ಸುತ್ತಿದಾಗ ನಮ್ಮ ಕೊಟ್ಟಿಗೆಗೆ ಬರಲಿಲ್ಲ. ಅದು ಪುಸ್ತಕಕ್ಕಿಂತ ಹಿಂದಿನದು, ಆದರೂ ಮೊದಲ ಪುಟದಲ್ಲಿ ‘ಹಳೇ ಬಾಕಿ’ ಅಂತ ಬರೆದೆ: ಲಸಿಕೆ ಹಾಕಿದ ಡಾಕ್ಟರಿಗೆ ಅರ್ಧ, ಮಾದಪ್ಪನಿಗೆ ಅರ್ಧ. ಮೇಷ್ಟ್ರು ಇದನ್ನ ಓದಿ ಒಂದು ಗಳಿಗೆ ಸುಮ್ಮನಿದ್ದು, ‘ಪಾಲು ಸರಿಯಾಗಿದೆ’ ಅಂದರು. ನಾನು ಗೆದ್ದದ್ದು ಅಲ್ಲೇ ಅಂತ ಇಟ್ಕೊಳ್ಳಿ.

2024ರ ಜುಲೈನಲ್ಲಿ ಕನ್ನಂಬಾಡಿ 124.80 ಅಡಿ ತುಂಬಿತು. ಕಾವೇರಮ್ಮ, ನಾಲ್ವಡಿಯವರು, ವಿಶ್ವೇಶ್ವರಯ್ಯನವರು ಮೂವರನ್ನೂ ಒಂದೇ ಸಾಲಿಗೆ ಬರೆದೆ. 1911ರಲ್ಲಿ ಶುರುವಾದ ಕಟ್ಟೆಗೆ ನಾನೇನು ರೇಟು ಕಟ್ಟಲಿ? ನನ್ನ ಗದ್ದೇಲೇ ಹುಲ್ಲು ಬಂದು, ಹೊರಗೆ ಕೊಳ್ಳೋದು ತಪ್ಪಿದ 8 ಸಾವಿರ ಮಾತ್ರ ಬರೆದು, ಉಳಿದದ್ದಕ್ಕೆ ಗೆರೆ ಎಳೆದೆ.

ಬರೆದಿಟ್ಟರೆ ಸಾಲದು, ತೀರಿಸಬೇಕು. ನಮ್ಮ ಮನೇಲಿ ಮುಖ ನೋಡಿ ಉಪಕಾರ ಹೇಳೋ ಪದ್ಧತಿ ಇಲ್ಲ. ನಾನು ಒಂದು ಸಲ ಹೇಳಿದ್ದಕ್ಕೆ ಯಜಮಾನರು ‘ಎಷ್ಟು ಬೇಕು?’ ಅಂತ ಜೇಬಿಗೆ ಕೈ ಹಾಕಿದರು. ಹಾಗಾಗಿ ಹಸು ಈದಾಗ ತೀರಿಸ್ತೀನಿ. ದೇವರ ಮೀಸಲು ತೆಗೆದಿಟ್ಟ ಮೇಲೆ ಗಿಣ್ಣು ಯಾರ ಮನೆಗೆ ಮೊದಲು ಹೋಗಬೇಕು ಅನ್ನೋದನ್ನ ಪುಸ್ತಕವೇ ಹೇಳ್ತದೆ. ಹೋದ ಸಲ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ಚಾಕುವಿನಲ್ಲಿ ಚೌಕ ಚೌಕ ಕುಯ್ದು ಬಾಳೆ ಎಲೇಲಿ ಕಟ್ಟಿ ಮೊದಲು ಕೊಟ್ಟದ್ದು ಎದುರುಮನೆಯಾಕೆಗೆ. ಎರಡನೇದು ಕಾಂಪೌಂಡರ ಮನೆಗೆ, ಮೂರನೇದು ಡೇರಿಗೆ. ಮೊದಲೆಲ್ಲ ಓರಗಿತ್ತಿ ಮನೆಗೇ ಮೊದಲು ಹೋಗ್ತಿತ್ತು. ಪುಸ್ತಕದಲ್ಲಿ ಅವಳ ಹೆಸರು ಹುಡುಕಿದರೂ ಸಿಗಲ್ಲ. ಇರಲಿ ಬಿಡಿ.

ವರ್ಷದ ಕೊನೆಗೆ ಕೂಡಿದಾಗ ಅತ್ತೆ ಹೆಸರಲ್ಲಿ 26-27 ಸಾವಿರ ನಿಂತಿತ್ತು. ಕಣ್ಣಿನ ಪೊರೆ ಆಪರೇಷನ್ ವಿಷಯ ನಮ್ಮ ಮನೇಲಿ ಎರಡು ವರ್ಷದಿಂದ ‘ನೋಡೋಣ’ದಲ್ಲೇ ಇತ್ತು. ಪುಸ್ತಕ ಯಜಮಾನರ ಮುಂದೆ ಇಟ್ಟೆ, ಏನೂ ಮಾತಾಡಲಿಲ್ಲ. ಡೇರಿ ಬಟವಾಡೆ, ಮಗ ಹಾಕಿದ್ದು ಸೇರಿಸಿ ಮೈಸೂರಲ್ಲಿ ಮಾಡಿಸಿದೆವು. ಹೋಗಿಬರೋದು, ಕನ್ನಡಕ ಎಲ್ಲಾ ಸೇರಿ 18 ಸಾವಿರದ ಹತ್ರ ಹತ್ರ ಆಯ್ತು. ಬಾಕಿ ಇನ್ನೂ ಇದೆ ಅಂತ ಪುಸ್ತಕದಲ್ಲಿ ಮುಂದಕ್ಕೆ ಎಳೆದಿದ್ದೀನಿ.

ಅತ್ತೆ ಮೂರನೇ ಕ್ಲಾಸಿನವರೆಗೆ ಓದಿದವರು, ಅಂಕಿ ಚೆನ್ನಾಗಿ ಬರ್ತದೆ. ಕನ್ನಡಕ ಬಂದ ವಾರದಲ್ಲೇ ಪುಸ್ತಕ ಎತ್ಕೊಂಡು ಜಗಲೀಲಿ ಕೂತು ಒಂದೊಂದೇ ಹಾಳೆ ತಿರುವಿದರು. ‘ಎರಡು ಗಂಟೆ ಅಂತ ಯಾರು ಹೇಳಿದ್ದು ನಿಂಗೆ? ಹೊರೆ ಹೊತ್ಕೊಂಡು ಬರೋದು ಲೆಕ್ಕಕ್ಕಿಲ್ವಾ?’ ಅಂದರು. ಅದೂ ನಿಜವೇ. ಸಂಕ್ರಾಂತಿ ಕಿಚ್ಚು ಹಾಯಿಸಿದ ಮಾರನೇ ದಿನದಿಂದ 100 ಮಾಡಿದ್ದೀನಿ. ಅವರು 120 ಕೇಳ್ತಿದ್ದಾರೆ.