ವಿಂಡೋಸ್‌ನ ಅಡ್ಮಿನ್ ಪಾಸ್‌ವರ್ಡ್ ಮರೆತಾಗ

ಮೊದಲು ಕ್ಯಾಪ್ಸ್ ಲಾಕ್ ನೋಡಿ. ನಗಬೇಡಿ, ನನ್ನ ಹತ್ತಿರ ಬರುವ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಇಷ್ಟೇ ರಿಪೇರಿ.

ಮೈಕ್ರೋಸಾಫ್ಟ್ ಖಾತೆಯಾದರೆ ಫೋನಿನಿಂದಲೇ ಹೊಸ ಪಾಸ್‌ವರ್ಡ್ ಹಾಕಬಹುದು. ಆ ಕಂಪ್ಯೂಟರಿನಲ್ಲಿ ಮಾತ್ರ ಇರುವ ಲೋಕಲ್ ಖಾತೆಯಾದರೆ ತಪ್ಪು ಪಾಸ್‌ವರ್ಡ್ ಒಮ್ಮೆ ಹೊಡೆಯಿರಿ, ಕೆಳಗೆ ರೀಸೆಟ್ ಲಿಂಕ್ ಬರುತ್ತದೆ. ಅದು ನೀವು ಹಿಂದೆ ಆರಿಸಿಕೊಂಡ ಪ್ರಶ್ನೆಗಳನ್ನು ಕೇಳುತ್ತದೆ. ಹುಟ್ಟಿದ ಊರು, ಮೊದಲು ಸಾಕಿದ ನಾಯಿಯ ಹೆಸರು ಅಂತ ನಿಜವನ್ನೇ ಕೊಟ್ಟಿದ್ದರೆ ನೆಂಟರೆಲ್ಲ ಒಳಗೆ ಬರಬಹುದು ಅಲ್ವಾ? ನಾನಂತೂ ಸುಳ್ಳು ಉತ್ತರ ಕೊಟ್ಟು, ಚೀಟಿಯಲ್ಲಿ ಬರೆದು ಬೀರುವಿನಲ್ಲಿಡುತ್ತೇನೆ.

ಇನ್ನೊಂದು ಅಡ್ಮಿನ್ ಖಾತೆ ಇದೆಯೇ? ಅದರಲ್ಲಿ ಲಾಗಿನ್ ಆಗಿ, ಆದೇಶಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆಯಿರಿ. ಅಲ್ಲಿ net user ಅಂತ ಟೈಪ್ ಮಾಡಿ, ಜಾಗ ಬಿಟ್ಟು ಮರೆತ ಖಾತೆಯ ಹೆಸರು, ಮತ್ತೆ ಜಾಗ ಬಿಟ್ಟು ಕೊನೆಗೆ ಒಂದು ನಕ್ಷತ್ರ ಚಿಹ್ನೆ (*) ಹಾಕಿ ಎಂಟರ್ ಒತ್ತಿ. ಹೊಸ ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. ಟೈಪ್ ಮಾಡುವಾಗ ಒಂದು ಚುಕ್ಕೆಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಸುಮ್ನೆ ಮುಂದುವರಿಸಿ. ಆದರೆ ಇದಕ್ಕೆ ಬೆಲೆ ಇದೆ. ಆ ಖಾತೆಯಲ್ಲಿ ಇಎಫ್‌ಎಸ್ ಎನ್‌ಕ್ರಿಪ್ಷನ್ (ಫೈಲಿಗೆ ಬೀಗ ಹಾಕುವ ವಿಂಡೋಸ್‌ನದೇ ಸೌಲಭ್ಯ) ಮಾಡಿದ ಫೈಲುಗಳಿದ್ದರೆ ತೆರೆಯದೇ ಹೋಗಬಹುದು, ಉಳಿಸಿಟ್ಟ ಪಾಸ್‌ವರ್ಡುಗಳೂ ಕೈತಪ್ಪಬಹುದು.

ಯುಎಸ್‌ಬಿ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು (ಬೂಟ್) ಮಾಡಿ ಪಾಸ್‌ವರ್ಡ್ ಅಳಿಸುವ ಸಾಫ್ಟ್‌ವೇರ್‌ಗಳೂ ಇವೆ. ಕಳ್ಳನಿಗೂ ಅವು ಅಷ್ಟೇ ಸುಲಭವಾಗಿ ಸಿಗುತ್ತವೆ. ಅದಕ್ಕೇ ಯಾರಾದರೂ ಲ್ಯಾಪ್‌ಟಾಪ್ ತಂದರೆ ನಾನು ಮೊದಲು ಬಿಲ್ ಕೇಳುವುದು. ಈ ದಾರಿಗೆ ಅಡ್ಡ ನಿಲ್ಲುವುದು ಇಡೀ ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನದೇ ಬಿಟ್‌ಲಾಕರ್. ಆದರೆ ಅದರ 48 ಅಂಕಿಯ ರಿಕವರಿ ಕೀ ಕಳೆದುಹೋದರೆ ಕೆಲವೊಮ್ಮೆ ಮಾಲೀಕರಿಗೂ ದಾರಿಯಿಲ್ಲ, ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು. ಕೀಯನ್ನು ಪ್ರಿಂಟ್ ತೆಗೆದಿಡಿ. ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಮಾತ್ರ ಬೇಡ.