ಕೂಲಿ ಗಂಟೆಗಳ ಖಾತೆ: ಆನ್‌ಲೈನ್ ಆಟಕ್ಕೆ ನಾನು ಲೆಕ್ಕ ಇಟ್ಟ ಬಗೆ

ವರ್ಷಕ್ಕೆ ಮೂರು ತಿಂಗಳು ಮಾತ್ರ ಆಟದ ಚಂದಾ ಕಟ್ಟುತ್ತೇನೆ, ಉಳಿದ ಒಂಬತ್ತು ತಿಂಗಳು ಈ ಕಡೆ ತಲೆ ಹಾಕುವುದಿಲ್ಲ ಎಂದು ವಾಯ್ಸ್ ಚಾಟ್‌ನಲ್ಲಿ ಹೇಳಿದ ರಾತ್ರಿ ಇಡೀ ಗಿಲ್ಡ್, ಅಂದರೆ ಒಟ್ಟಾಗಿ ಆಡುವ ನಮ್ಮ ಬಳಗ, ನಕ್ಕಿತು. ‘ನಲವತ್ತು ದಿನ ಕೊಡುತ್ತೇನೆ, ಅಷ್ಟರಲ್ಲಿ ಮರಳುತ್ತೀಯ’ ಎಂದವನು ನಮ್ಮ ನಾಯಕ. ಅವನ ನಗುವಿಗೆ ಆಧಾರವಿತ್ತು. ಅದಕ್ಕೂ ಮುಂಚೆ ನಾನು ನಾಲ್ಕು ಸಲ ಆಟ ಬಿಟ್ಟು ನಾಲ್ಕು ಸಲವೂ ಮರಳಿದ್ದೆ. ಒಮ್ಮೆಯಂತೂ ಬೀಳ್ಕೊಡುಗೆಯ ಉದ್ದನೆಯ ಪತ್ರ ಬರೆದು, ಹದಿನೇಳನೆಯ ದಿನಕ್ಕೆ ಸದ್ದಿಲ್ಲದೆ ಲಾಗಿನ್ ಆಗಿದ್ದೆ. ಈಗ ಮೂರನೆಯ ವರ್ಷ ಮುಗಿದಿದೆ. ಅಂದು ನಕ್ಕವರಲ್ಲಿ ಮೂವರು ನನ್ನ ಲೆಕ್ಕದ ಹಾಳೆ ಕೇಳಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ, ಸ್ವಲ್ಪ ಬೀಗುತ್ತಲೇ.

ಶುರುವಾದದ್ದು ಒಂದು ಅಂಕಿಯಿಂದ. ನಮ್ಮ ಆಟವಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಿದವರಿಗೆ ‘ಪ್ಲೇಯ್ಡ್’ ಆಜ್ಞೆ ಗೊತ್ತಿರುತ್ತದೆ. ಟೈಪ್ ಮಾಡಿದರೆ ಆ ಪಾತ್ರದಲ್ಲಿ ಕಳೆದ ಒಟ್ಟು ಕಾಲವನ್ನು ದಿನಗಳಲ್ಲಿ ಹೇಳುತ್ತದೆ. ನನ್ನ ಮುಖ್ಯ ಪಾತ್ರ ಮತ್ತು ಆಲ್ಟ್‌ಗಳೆಂಬ ಉಪಪಾತ್ರಗಳನ್ನು ಕೂಡಿಸಿದಾಗ ಇನ್ನೂರ ಹತ್ತು ದಿನಗಳ ಆಸುಪಾಸು ಬಂತು. ಎಂಟು ಗಂಟೆಯ ಕೆಲಸದ ದಿನಗಳಲ್ಲ, ಇಪ್ಪತ್ತನಾಲ್ಕು ಗಂಟೆಯ ದಿನಗಳು. ಅಂದರೆ ಐದು ಸಾವಿರ ಗಂಟೆ. ನೆನಪಿನಲ್ಲಿ ಎಷ್ಟು ಉಳಿದಿದೆ ಎಂದು ಎಣಿಸಲು ಕುಳಿತೆ. ಹದಿನೈದು ಇಪ್ಪತ್ತು ರಾತ್ರಿಗಳು ಕಣ್ಣಿಗೆ ಕಟ್ಟಿದವು, ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅಲ್ಲಿಯವರೆಗೆ ನಾನೂ ಎಲ್ಲರ ವಾದವನ್ನೇ ಹೇಳುತ್ತಿದ್ದೆ: ತಿಂಗಳಿಗೆ 14.99 ಡಾಲರ್, ಆಡುವುದು ನೂರು ಗಂಟೆ, ಗಂಟೆಗೆ ಹದಿನೈದು ಸೆಂಟ್, ಇಷ್ಟು ಅಗ್ಗದ ಮನರಂಜನೆ ಬೇರೆ ಯಾವುದಿದೆ? ಈ ಲೆಕ್ಕ ಕೇಳಲು ಚೆನ್ನ, ಒಳಗೆ ಟೊಳ್ಳು. ಹೆಚ್ಚು ಹೊತ್ತು ಸುಲಿಸಿಕೊಂಡಷ್ಟೂ ಗಂಟೆಯ ದರ ಇಳಿಯುತ್ತದೆ. ಈ ಸೂತ್ರದ ಪ್ರಕಾರ ರಾತ್ರಿಯಿಡೀ ಆಟದೊಳಗಿನ ಕೆರೆಯಲ್ಲಿ ಮೀನು ಹಿಡಿಯುತ್ತ ಕುಳಿತವನೇ ಜಗತ್ತಿನ ಅತ್ಯಂತ ಜಾಣ ಗ್ರಾಹಕ. ನಾನು ಎರಡು ವರ್ಷ ಹಾಗೆ ಜಾಣನಾಗಿದ್ದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ದಿನಕ್ಕೆ ಎರಡು ಗಂಟೆಯ ಮಿತಿ. ನೆಲಕಚ್ಚಿತು. ಇಪ್ಪತ್ತು ಜನ ಸೇರಿ ಬಾಸ್ ಎಂಬ ದೊಡ್ಡ ಶತ್ರುಗಳ ಮೇಲೆ ಮಾಡುವ ದಾಳಿ, ರೇಡ್, ಮೂರು ಗಂಟೆಯದ್ದು. ಎರಡನೆಯ ಗಂಟೆ ಮುಗಿಯಿತೆಂದು ಕೊನೆಯ ಬಾಸ್ ಮುಂದೆ ಎದ್ದು ಹೋದರೆ ಹತ್ತೊಂಬತ್ತು ಜನರ ಶಾಪ. ಹಾಗಾಗಿ ರೇಡ್ ಬಿಟ್ಟೆ. ಉಳಿದ ಎರಡು ಗಂಟೆಗಳಿಗೆ ಸರಿಯಾಗಿ ಹೊಂದುವುದು ಯಾವುದು? ದಿನವೂ ಮರುಕಳಿಸುವ ಚಿಕ್ಕ ಕೆಲಸಗಳಾದ ಡೈಲಿ ಕ್ವೆಸ್ಟ್‌ಗಳು! ಅಂದರೆ ದಿನದ ಮಿತಿ ನನ್ನಿಂದ ಒಳ್ಳೆಯದನ್ನು ಕಿತ್ತುಕೊಂಡು ಸವಕಲನ್ನು ಉಳಿಸಿತು. ಆ ಎರಡು ತಿಂಗಳು ನಾನು ಆಡಿದಷ್ಟು ನೀರಸವಾದ ಆಟವನ್ನು ಯಾರೂ ಆಡಿರಲಾರರು.

ಎರಡನೆಯ ಸೋಲು ದುಬಾರಿ. ಚಂದಾ ಇಲ್ಲದ ಆಟ ಹಿಡಿದರೆ ಖರ್ಚಿಲ್ಲ ಎಂದುಕೊಂಡು ಆಯುಧಕ್ಕೆ ಸಾಣೆ ಹಿಡಿಯುವ ಆಟವೊಂದಕ್ಕೆ ಹೋದೆ. ಹೆಸರು ಬೇಡ, ಆ ಬಗೆಯವು ಹತ್ತಾರಿವೆ. ಹಂತ ಏರಿದಂತೆ ಗೆಲ್ಲುವ ಸಂಭವ ಇಳಿಯುತ್ತದೆ. ಸೋತರೆ ಸಾಮಗ್ರಿ ಹೋಗುತ್ತದೆ, ಅಂಗಡಿಯಲ್ಲಿ ಸಾಮಗ್ರಿ ಸಿಗುತ್ತದೆ. ಒಂದೊಂದು ಸಲಕ್ಕೂ ಐದೋ ಹತ್ತೋ ಡಾಲರ್, ಅಷ್ಟೇ ತಾನೆ? ಆರು ವಾರ ಮುಗಿಯುವಾಗ ಕಾರ್ಡ್‌ನ ಪಟ್ಟಿಯಲ್ಲಿ ಸುಮಾರು 340 ಡಾಲರ್ ಇತ್ತು. ಮುಂದಿನ ದೊಡ್ಡ ಪ್ಯಾಚ್‌ನಲ್ಲಿ, ಅಂದರೆ ಆಟದ ಪರಿಷ್ಕರಣೆಯಲ್ಲಿ, ಅದೇ ಹಂತದ ಆಯುಧವನ್ನು ಹೊಸಬರಿಗೆಲ್ಲ ಉಚಿತವಾಗಿ ಹಂಚಿದರು. ಆ ಖಡ್ಗದ ಚಿತ್ರವನ್ನು ಮುದ್ರಿಸಿ ಮೇಜಿನ ಮುಂದೆ ಅಂಟಿಸಿದ್ದೇನೆ. ಈಗಲೂ ಇದೆ.

ಮೂರನೆಯದು ಬುಡಸಮೇತ ಬಿಡುವುದು. ಅದರ ಕಥೆ ಮೇಲೆಯೇ ಹೇಳಿದೆ. ಮರಳಿ ಬರುವವನು ಹಿಂದುಳಿದಿರುತ್ತಾನೆ, ಹಿಂದುಳಿದವನು ಲೆವೆಲ್ ಜಿಗಿಸುವ ಪೊಟ್ಟಣ ಕೊಳ್ಳುತ್ತಾನೆ. ಬಿಟ್ಟ ತಿಂಗಳುಗಳಲ್ಲಿ ಉಳಿಸಿದ್ದು ಅಲ್ಲಿಗೇ ಸಮ.

ಕೊನೆಗೆ ಕೈಹಿಡಿದದ್ದು ಒಂದು ಹಳೆಯ ನೋಟ್‌ಬುಕ್. ನಮ್ಮ ಜನಕ್ಕೆ ಲೆಕ್ಕ ಹೊಸದಲ್ಲ. ರೇಡ್‌ನಲ್ಲಿ ಸಿಕ್ಕ ವಸ್ತುಗಳನ್ನು, ಅಂದರೆ ಲೂಟ್, ಹಂಚಲು ಎವರ್‌ಕ್ವೆಸ್ಟ್ ಎಂಬ ಹಳೆಯ ಆಟದ ಕಾಲದಿಂದಲೂ ಡಿಕೆಪಿ ಎಂಬ ಪದ್ಧತಿ ಇದೆ, ಡ್ರ್ಯಾಗನ್ ಕೊಂದದ್ದಕ್ಕೆ ಅಂಕ, ಅಂಕ ಕೊಟ್ಟು ಲೂಟ್. ಯಾವ ರೇಡರ್‌ನ ಅಂಕ ಎಷ್ಟೆಂದು ದಶಮಾಂಶದವರೆಗೆ ಹೇಳುವ ಗಿಲ್ಡ್‌ಗಳನ್ನು ನೋಡಿದ್ದೇನೆ. ಸ್ವಂತ ಗಂಟೆಯ ಲೆಕ್ಕ ಇಟ್ಟವರನ್ನು ಮಾತ್ರ ನೋಡಿರಲಿಲ್ಲ.

ಮೂರು ಅಂಕಣ: ‘ಮಂದಿ’, ‘ಹೊಸತು’, ‘ಕೂಲಿ’. ಆಟ ಮುಗಿಸಿದ ಕೂಡಲೆ, ಎದ್ದೇಳುವ ಮುಂಚೆ, ಅರ್ಧ ಗಂಟೆಗೊಂದು ಗೀಟು. ಜನರೊಂದಿಗೆ ಸೇರಿ ಆಡಿದ್ದು ಮಂದಿ. ಮೊದಲ ಸಲ ನೋಡಿದ ಡಂಜನ್, ಕಥೆ, ಊರು ಹೊಸತು. ಪ್ರತಿಫಲ ಕೊಡದಿದ್ದರೆ ಯಾವತ್ತೂ ಮಾಡುತ್ತಿರಲಿಲ್ಲ ಎನ್ನುವಂಥದ್ದು ಕೂಲಿ. ಮಾರನೆಯ ದಿನ ಬರೆದರೆ ಮನಸ್ಸು ಸುಳ್ಳು ಹೇಳುತ್ತದೆ, ಕೂಲಿಯನ್ನೆಲ್ಲ ಹೊಸತಿಗೆ ಸಾಗಿಸುತ್ತದೆ.

ಮೊದಲ ತಿಂಗಳು ಸುಮಾರು 92 ಗಂಟೆ ಆಡಿದ್ದೆ. ಮಂದಿ 11, ಹೊಸತು 9. ಉಳಿದ 72 ಕೂಲಿ. ಆಟ ಆಡಲು ಅನುಮತಿ ಪಡೆಯುವುದಕ್ಕಾಗಿ ಆಟದೊಳಗೆ ದುಡಿದ ಗಂಟೆಗಳು ಅವು! ಆ ರಾತ್ರಿ ಭಾಗಾಕಾರದ ಕೆಳಗಿನ ಅಂಕಿ ಬದಲಿಸಿದೆ. ಒಟ್ಟು ಖರ್ಚನ್ನು ಒಟ್ಟು ಗಂಟೆಯಿಂದ ಭಾಗಿಸದೆ ಮೊದಲ ಎರಡು ಅಂಕಣಗಳ ಮೊತ್ತದಿಂದ ಭಾಗಿಸಿದೆ. ಆ ವರ್ಷದ ಎಲ್ಲ ಖರ್ಚು, ಮೇಲೆ ಹೇಳಿದ ಖಡ್ಗವೂ ಸೇರಿ, ಹತ್ತಿರ ಹತ್ತಿರ 600 ಡಾಲರ್. ಒಳ್ಳೆಯ ಗಂಟೆಗಳು ವರ್ಷಕ್ಕೆ 240 ಎಂದು ಹಿಡಿದರೂ ಗಂಟೆಗೆ ಎರಡೂವರೆ ಡಾಲರ್. ಹದಿನೈದು ಸೆಂಟ್ ಎಲ್ಲಿ, ಇದೆಲ್ಲಿ? ಹಣವಾದರೂ ಹೋಗಲಿ, ಒಂದು ಒಳ್ಳೆಯ ಗಂಟೆಗೆ ಮೂರೂವರೆ ಗಂಟೆಯ ಕೂಲಿ ಕಂದಾಯ ಕಟ್ಟುತ್ತಿದ್ದೆ.

ಡೈಲಿಗಳನ್ನು ಕತ್ತರಿಸುವುದು ಸುಲಭವಲ್ಲ, ಕೈ ತಾನಾಗಿ ಹೋಗುತ್ತದೆ. ನನಗೆ ಸಹಾಯವಾದದ್ದು ವಾರ್‌ಕ್ರಾಫ್ಟ್‌ನ ಒಂದು ಹಳೆಯ ಸಂಗತಿ. 2004ರಲ್ಲಿ ಆಟ ಹೊರಬರುವ ಮುಂಚೆ, ಪರೀಕ್ಷೆಯ ಹಂತದಲ್ಲಿ, ಹೆಚ್ಚು ಹೊತ್ತು ಆಡಿದವರಿಗೆ ಸಿಗುವ ಅನುಭವದ ಅಂಕ ಕಡಿಮೆಯಾಗುತ್ತಿತ್ತು. ಆಟಗಾರರು ಕೂಗಾಡಿದರು. ತಯಾರಕರು ಅದನ್ನು ತಲೆಕೆಳಗು ಮಾಡಿದರು: ಕಡಿಮೆಯಾದ ದರಕ್ಕೆ ‘ಸಾಮಾನ್ಯ’ ಎಂದು ಹೆಸರಿಟ್ಟು, ಮೊದಲಿನ ದರವನ್ನು ವಿಶ್ರಾಂತಿ ಪಡೆದವರಿಗೆ ಸಿಗುವ ಇಮ್ಮಡಿ ಬಹುಮಾನ ಎಂದರು. ಎಲ್ಲರೂ ತೆಪ್ಪಗಾದರು. ಡೈಲಿಯೂ ಹಾಗೆಯೇ. ಅದನ್ನು ಬಿಟ್ಟರೆ ನಷ್ಟ ಎಂದು ನನಗೆ ಅನ್ನಿಸುತ್ತದೆ, ನಿಜಕ್ಕೂ ನನ್ನ ಕಿಸೆಯಿಂದ ಏನೂ ಹೋಗಿರುವುದಿಲ್ಲ. ನೋಟ್‌ಬುಕ್‌ನ ರಟ್ಟಿನ ಮೇಲೆ ‘ಹೆಸರು ಬದಲಿಸಿ ನೋಡು’ ಎಂದು ಬರೆದುಕೊಂಡೆ. ಮೂರು ವಾರ ಕೈ ತುರಿಸಿತು, ಆಮೇಲೆ ನಿಂತಿತು.

ಇನ್ನು ದಿನದ ಮಿತಿಯ ಬದಲು ಋತುವಿನ ಮಿತಿ. ಒಂದು ತಿಂಗಳ ಚಂದಾ ಕಟ್ಟಿ, ಅದೇ ಸಂಜೆ ಸ್ವಯಂ ನವೀಕರಣ ರದ್ದು. ಆ ತಿಂಗಳು ಬೇಕಾದಷ್ಟು ಆಡಬಹುದು, ರಾತ್ರಿ ಎರಡಾದರೂ ನನ್ನನ್ನು ನಾನು ಬೈಯುವುದಿಲ್ಲ. ಯಾವಾಗ ಬರಬೇಕು ಎಂಬುದೇ ಕೀಲಿ. ಹೊಸ ಪ್ಯಾಚ್ ಬಂದ ದಿನ ಬರುವವನು ಎಲ್ಲವನ್ನೂ ಅತಿ ಹೆಚ್ಚಿನ ಬೆಲೆಗೆ ಕೊಳ್ಳುತ್ತಾನೆ, ಕಾಲವನ್ನೂ ಸೇರಿಸಿ. ಐದಾರು ವಾರ ಕಾದರೆ ಸಾಮಗ್ರಿಗಳ ದರ ಇಳಿದಿರುತ್ತದೆ, ಹಿಂದುಳಿದವರಿಗೆಂದೇ ಕವಚಗಳು ಬಂದಿರುತ್ತವೆ, ಬಾಸ್‌ಗಳ ತಂತ್ರ ಬಾಯಿಪಾಠವಾಗಿರುತ್ತದೆ.

ನಾಯಕನ ದೊಡ್ಡ ಆಕ್ಷೇಪ ಇಲ್ಲೇ ಇತ್ತು: ‘ಬಂದು ಹೋಗುವವನನ್ನು ಯಾವ ರೇಡ್ ಸೇರಿಸಿಕೊಳ್ಳುತ್ತದೆ?’ ಮೊದಲ ಋತುವಿನಲ್ಲಿ ಅವನ ಮಾತೇ ಗೆದ್ದಿತು. ಹೊಡೆತಗಾರನಾಗಿ ಹೋದೆ, ಕವಚ ಸಾಲದೆ ಎರಡೇ ರಾತ್ರಿಗೆ ಕೈಬಿಟ್ಟರು. ಹೊಡೆತಗಾರರು ಎಲ್ಲ ಕಡೆ ಸಾಲುಗಟ್ಟಿ ನಿಂತಿರುತ್ತಾರೆ, ಅವರಲ್ಲಿ ಒಬ್ಬನಿಗಾಗಿ ಯಾರೂ ಕಾಯುವುದಿಲ್ಲ. ಎರಡನೆಯ ಋತುವಿಗೆ ಫೈನಲ್ ಫ್ಯಾಂಟಸಿ 14 ಎಂಬ ಇನ್ನೊಂದು ಆಟಕ್ಕೆ ಬಂದು, ಗುಂಪಿನವರ ಗಾಯ ವಾಸಿ ಮಾಡುವ ಹೀಲರ್ ಆದೆ. ಅಲ್ಲಿ ಒಂದೇ ಪಾತ್ರದಲ್ಲಿ ಎಲ್ಲ ಕಸುಬುಗಳನ್ನೂ ಕಲಿಯಬಹುದು, ಆಲ್ಟ್‌ಗಳನ್ನು ಸಾಕುವ ಕೂಲಿ ಇಲ್ಲ. ರೇಡ್‌ಗೆ ಎಂಟೇ ಜನ ಬೇಕು. ಎಂಟು ಜನರ ಗುಂಪಿನಲ್ಲಿ ಪ್ರತಿ ವಾರ ಯಾರೋ ಒಬ್ಬರಿಗೆ ಬರಲಾಗುವುದಿಲ್ಲ. ತೂತು ಮುಚ್ಚುವವನಾಗಿ ನಿಂತೆ. ನಾಲ್ಕು ಗುಂಪುಗಳಿಗೆ ಹೆಸರು ಕೊಟ್ಟೆ, ಮೂರನೆಯ ವಾರದಿಂದ ಬಿಡುವೇ ಇರಲಿಲ್ಲ. ಗುಂಪು ಹುಡುಕುವಾಗ ಮೊದಲ ಸಾಲಿನಲ್ಲಿ ಏನು ಬರೆಯುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಎಲ್ಲರೂ ಅದನ್ನೇ ಬರೆದರೆ ನನ್ನ ಜಾಗ ಹೋಯಿತು.

ಹೊಸಬರಿಗೆ ಒಂದು ಮಾತು, ಇದರಲ್ಲಿ ಗುಟ್ಟಿಲ್ಲ. ಆ ಆಟದ ಉಚಿತ ಆವೃತ್ತಿಯಲ್ಲಿ 2023ರಿಂದ ಲೆವೆಲ್ 70ರವರೆಗೆ ಕಾಲದ ಮಿತಿಯಿಲ್ಲದೆ ಆಡಬಹುದು, ಎಕ್ಸ್‌ಪಾನ್ಶನ್ ಎಂಬ ಎರಡು ವಿಸ್ತರಣೆಗಳೂ ಸೇರಿವೆ. ಮಾರುಕಟ್ಟೆ ಬಳಸುವಂತಿಲ್ಲ, ಆಟದ ಹಣವಾದ ಗಿಲ್ 3,00,000ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಒಮ್ಮೆ ಕೊಂಡ ಖಾತೆ ಮತ್ತೆ ಉಚಿತಕ್ಕೆ ಇಳಿಯುವುದಿಲ್ಲ. ಆದ್ದರಿಂದ ಆತುರದಲ್ಲಿ ಕೊಳ್ಳಬೇಡಿ. ನಾನು ಕೊಂಡು ಕೆಟ್ಟವನು.

ನಡುವೆ ಒಂದು ಅಡ್ಡದಾರಿ ಹಿಡಿದೆ: ಚಂದಾವನ್ನು ಆಟದ ಗೋಲ್ಡ್‌ನಿಂದಲೇ ಕಟ್ಟುವುದು. ಈವ್ ಆನ್‌ಲೈನ್‌ನಲ್ಲಿ ಪ್ಲೆಕ್ಸ್, ರೂನ್‌ಸ್ಕೇಪ್‌ನಲ್ಲಿ 2013ರಿಂದ ಬಾಂಡ್, ವಾರ್‌ಕ್ರಾಫ್ಟ್‌ನಲ್ಲಿ 2015ರಿಂದ ಟೋಕನ್. ಒಬ್ಬ 20 ಡಾಲರ್ ಕೊಟ್ಟು ಟೋಕನ್ ಕೊಂಡು ಹರಾಜಿಗಿಡುತ್ತಾನೆ, ಇನ್ನೊಬ್ಬ ಗೋಲ್ಡ್ ಕೊಟ್ಟು ಪಡೆದು ಮೂವತ್ತು ದಿನ ಆಡುತ್ತಾನೆ. ನಾಲ್ಕು ತಿಂಗಳು ಒಂದು ಪೈಸೆಯೂ ಕೊಡದೆ ಆಡಿದೆ, ಗಿಲ್ಡ್‌ನಲ್ಲಿ ಕೊಚ್ಚಿಕೊಂಡೆ. ನೋಟ್‌ಬುಕ್ ತೆರೆದರೆ ಒಂದು ಟೋಕನ್‌ಗೆ 25ರಿಂದ 30 ಗಂಟೆ ಗಿಡ ಕಿತ್ತು ಅದಿರು ಅಗೆದಿದ್ದೆ. ಹದಿನೈದು ಡಾಲರ್ ಉಳಿಸಲು! ಗಂಟೆಗೆ ಐವತ್ತು ಅರವತ್ತು ಸೆಂಟ್‌ಗೆ ನನ್ನನ್ನು ನಾನೇ ಆಳಾಗಿ ಇಟ್ಟುಕೊಂಡಿದ್ದೆ.

ಅಗೆಯುವುದು ಬಿಟ್ಟು ಕೊಂಡು ಮಾರುವುದಕ್ಕೆ ಇಳಿದ ಮೇಲೆ ಪರಿಸ್ಥಿತಿ ಬೇರೆಯಾಯಿತು. ವಾರ್‌ಕ್ರಾಫ್ಟ್‌ನ ಹರಾಜುಕಟ್ಟೆಯಾದ ಆಕ್ಷನ್ ಹೌಸ್ ಐದು ಶೇಕಡ ಮುರಿದುಕೊಳ್ಳುತ್ತದೆ, ಅಷ್ಟರಲ್ಲಿ ಬದುಕಬಹುದು. ಅದೇ ಉತ್ಸಾಹದಲ್ಲಿ ಗಿಲ್ಡ್ ವಾರ್ಸ್ 2 ಎಂಬ ಆಟದಲ್ಲಿ ಅಂಗಡಿ ತೆರೆದು ಕೈ ಸುಟ್ಟುಕೊಂಡೆ. ಅಲ್ಲಿ ಪಟ್ಟಿಗೆ ಹಾಕಲು ಐದು, ಮಾರಿದಾಗ ಹತ್ತು, ಒಟ್ಟು ಹದಿನೈದು ಶೇಕಡ. ನೂರಕ್ಕೆ ಕೊಂಡದ್ದನ್ನು ನೂರ ಹದಿನೆಂಟಕ್ಕೆ ಮಾರಿದರೂ ಬರಿಗೈ. ಇದು ತಿಳಿಯುವ ಹೊತ್ತಿಗೆ ಮುನ್ನೂರು ಗೋಲ್ಡ್ ಆವಿಯಾಗಿತ್ತು. ವಾರ್‌ಕ್ರಾಫ್ಟ್‌ನಲ್ಲಿ ಯಾವ ಸರಕು ಹಿಡಿದೆ ಎಂದು ಹೇಳಿದರೆ ನಾಳೆಯೇ ಅದರ ಬೆಲೆ ಹಾಳಾಗುತ್ತದೆ. ರೇಡ್‌ಗಳ ವಾರದ ಬೀಗ, ಲಾಕ್‌ಔಟ್, ಬಿಚ್ಚುವ ಹಿಂದಿನ ರಾತ್ರಿಯ ಬೆಲೆಯನ್ನೂ ಬಿಚ್ಚಿದ ರಾತ್ರಿಯ ಬೆಲೆಯನ್ನೂ ಹೋಲಿಸಿ ನೋಡಿ. ಅಷ್ಟು ಹೇಳಿದರೆ ಬುದ್ಧಿವಂತರಿಗೆ ಸಾಕು.

ಇನ್ನೊಂದು ಪ್ರಯೋಗ ಈವ್. ಅಲ್ಲಿ ಲಾಗಿನ್ ಆಗದಿದ್ದರೂ ಕೌಶಲಗಳು ಗಡಿಯಾರದ ಸಮಯದಲ್ಲಿ ಕಲಿಕೆಯಾಗುತ್ತ ಹೋಗುತ್ತವೆ. ನನ್ನಂಥವನಿಗೆ ಹೇಳಿ ಮಾಡಿಸಿದ್ದು ಎಂದುಕೊಂಡೆ. ಮೂರು ತಿಂಗಳ ಚಂದಾ ಕಟ್ಟಿ ಒಂಬತ್ತು ಗಂಟೆ ಆಡಿದೆ. ಉಳಿದ ದಿನಗಳಲ್ಲಿ ಬಂದು ಕಲಿಕೆಯ ಸರದಿ ನೋಡಿ ಹೋಗುತ್ತಿದ್ದೆ, ಬೇರೊಬ್ಬನ ಪರೀಕ್ಷೆಯ ಫಲಿತಾಂಶ ನೋಡುವವನಂತೆ. ತಪ್ಪು ಆಟದ್ದಲ್ಲ. ಗೆಳೆಯರಿಲ್ಲದೆ ಆ ಆಟಕ್ಕೆ ಹೋಗಬಾರದು.

ಬಿಡುವಿನ ಒಂಬತ್ತು ತಿಂಗಳಿಗೆ ಗಿಲ್ಡ್ ವಾರ್ಸ್ 2 ಉಳಿಸಿಕೊಂಡಿದ್ದೇನೆ, ತಿಂಗಳಿಗೆ ನಾಲ್ಕೈದು ಗಂಟೆ. ಅಂಗಡಿ ಅಲ್ಲ, ಆಟ. ಚಂದಾ ಇಲ್ಲ. 2012ರಿಂದ ಇವತ್ತಿನವರೆಗೆ ಲೆವೆಲ್‌ನ ಮಿತಿ 80ರಲ್ಲೇ ನಿಂತಿದೆ, 2013ರಲ್ಲಿ ಬಂದ ಅಸೆಂಡೆಡ್ ಎಂಬ ದರ್ಜೆಯ ಕವಚದ ಬಲವನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಆರು ತಿಂಗಳು ಬಿಟ್ಟು ಬಂದರೂ ಕತ್ತಿಗೆ ತುಕ್ಕು ಹಿಡಿದಿರುವುದಿಲ್ಲ.

ಕಷ್ಟವಾದದ್ದು ಮನೆ ಬಿಡುವುದು. ಒಂದು ಆಟದಲ್ಲಿ ನನಗೆ ಮನೆಯಿತ್ತು. ನಲವತ್ತೈದು ದಿನ ಒಳಗೆ ಕಾಲಿಡದಿದ್ದರೆ ಕೆಡವುತ್ತಾರೆ. ಒಂದು ವರ್ಷ ಬರೀ ಬಾಗಿಲು ತೆರೆಯಲು ಚಂದಾ ಕಟ್ಟಿದ್ದೆ, ಕಿಟಕಿಯ ಪಕ್ಕದ ಮೇಜು ಸರಿಸಿ, ಮತ್ತೆ ಅಲ್ಲೇ ಇಟ್ಟು, ಹೊರಗೆ ಬರುತ್ತಿದ್ದೆ. ಕೊನೆಗೆ ಬಿಟ್ಟೆ. ಜಾಗದ ಬೆಲೆಯ ಬಹುಪಾಲು ಮರಳಿ ಬಂತು, ಒಂದು ಸಂಜೆ ಮಂಕಾಗಿ ಕುಳಿತಿದ್ದೆ.

ಮೂರನೆಯ ವರ್ಷದ ಲೆಕ್ಕ ನೆನಪಿನಿಂದ ಹೇಳುತ್ತೇನೆ, ಐದು ಹತ್ತು ಆಚೀಚೆ ಇರಬಹುದು. ಒಟ್ಟು 190 ಗಂಟೆ, ಅದರಲ್ಲಿ ಮಂದಿ ಮತ್ತು ಹೊಸತು ಸೇರಿ 130. ಖರ್ಚು ಮೂರು ತಿಂಗಳ ಚಂದಾ, ಒಂದು ಎಕ್ಸ್‌ಪಾನ್ಶನ್, ಅಂಗಡಿಯಲ್ಲಿ ಒಂದು ದುರ್ಬಲ ಕ್ಷಣ, ಹೀಗೆ 110 ಡಾಲರ್. ಒಳ್ಳೆಯ ಗಂಟೆಗೆ 85 ಸೆಂಟ್. ಒಂದು ಒಳ್ಳೆಯ ಗಂಟೆಗೆ ಅರ್ಧ ಗಂಟೆಯೂ ಕೂಲಿಯಿಲ್ಲ. ಕಳೆದುಕೊಂಡದ್ದನ್ನೂ ಬರೆಯಬೇಕು: 240 ಇದ್ದ ಒಳ್ಳೆಯ ಗಂಟೆಗಳು 130ಕ್ಕೆ ಇಳಿದವು. ಅವುಗಳ ಜೊತೆ ಇಬ್ಬರು ಗೆಳೆಯರೂ ದೂರವಾದರು. ದಿನವೂ ಸಿಗುವವರ ಸಲಿಗೆಯೇ ಬೇರೆ. ಮೊದಲ ವಾರವೇ ಹೊಸ ಬಾಸ್ ಕೆಡವಬೇಕು ಎನ್ನುವವರಿಗೂ ಈ ಪದ್ಧತಿ ಆಗುವುದಿಲ್ಲ.

ಇನ್ನೂ ಬಗೆಹರಿಯದ ಒಂದು ಗೀಟಿದೆ. ಮೊದಲ ವರ್ಷ ಒಬ್ಬ ಹೀಲರ್ ಜೊತೆ ಮೂರು ಗಂಟೆ ಮೀನು ಹಿಡಿಯುತ್ತ ಕುಳಿತಿದ್ದೆ. ಅವನ ಕೆಲಸ ಹೋಗಿತ್ತು, ಅವನು ಮಾತಾಡಿದ, ನಾನು ಕೇಳಿದೆ. ಅದನ್ನು ಕೂಲಿಯಲ್ಲಿ ಬರೆದೆ, ಮಾರನೆಯ ದಿನ ಅಳಿಸಿ ಮಂದಿಗೆ ಹಾಕಿದೆ. ಮಾರನೆಯ ದಿನ ಬರೆಯಬಾರದು ಎಂಬ ನನ್ನದೇ ನಿಯಮ ಮುರಿದು.

ಕಳೆದ ವಾರ ನಾಯಕನೂ ಹಾಳೆ ಕೇಳಿದ. ಕಳಿಸಿದೆ. ಎರಡು ದಿನ ಬಿಟ್ಟು ನಾಲ್ಕನೆಯ ಅಂಕಣ ಬೇಕು ಎಂದ: ರೇಡ್‌ಗೆ ಇಪ್ಪತ್ತು ಜನರನ್ನು ಕೂಡಿಸುವುದು, ಜಗಳ ಬಿಡಿಸುವುದು, ಮುಂದೆ ನಿಂತು ಏಟು ತಿನ್ನುವ ಟ್ಯಾಂಕ್ ಮುನಿಸಿಕೊಂಡರೆ ಅವನನ್ನು ರಮಿಸುವುದು ಯಾವುದರಲ್ಲಿ ಬರೆಯಲಿ? ಕೂಲಿ ಎಂದೆ. ಅವನು ಒಪ್ಪಿಲ್ಲ, ಅದೆಲ್ಲ ಮಂದಿಯೇ ಎನ್ನುತ್ತಾನೆ. ಹಾಳೆ ಇನ್ನೂ ಖಾಲಿ ಇದೆಯಂತೆ.