ಟಕಾಹೆ ನೋಡಲು ಹೊರಟಿದ್ದೀರಾ? ಮೊದಲು ಬ್ಯಾಗ್ ಕೊಡವಿ

ಊರಿಂದ ಯಾರೇ ಬಂದರೂ ನಾನು ಮೊದಲು ಕರೆದುಕೊಂಡು ಹೋಗುವುದು ನ್ಯೂಜಿಲೆಂಡ್‌ನ ಆಕ್ಲೆಂಡ್ ಹತ್ತಿರದ ಟಿರಿಟಿರಿ ಮಟಾಂಗಿ ದ್ವೀಪಕ್ಕೆ. ಟಕಾಹೆ ಹಕ್ಕಿ ತೋರಿಸಲು. ನೀಲಿ-ಹಸಿರು ಮೈ, ದಪ್ಪ ಕೆಂಪು ಕೊಕ್ಕು, ಹಾರಲು ಬರುವುದಿಲ್ಲ. ಇದರ ಸಂತತಿಯೇ ಮುಗಿಯಿತು ಅಂದುಕೊಂಡಿದ್ದರು. 1948ರಲ್ಲಿ ದೇಶದ ದಕ್ಷಿಣ ದ್ವೀಪದ (ಸೌತ್ ಐಲೆಂಡ್) ಬೆಟ್ಟಗಳಲ್ಲಿ ಮತ್ತೆ ಸಿಕ್ಕಿತು.

ಹಿಂದಿನ ರಾತ್ರಿಯೇ ಬ್ಯಾಗ್ ಪೂರ್ತಿ ಖಾಲಿ ಮಾಡಿ ಕೊಡವಿ. ಸೈಡ್ ಜೇಬುಗಳನ್ನೂ ಬಿಡಬೇಡಿ. ಬ್ಯಾಗಲ್ಲಿ ಇಲಿಯಾ ಅಂತ ನಗಬೇಡಿ, ಸುಂಡಿಲಿಗೆ ಅಷ್ಟು ಜಾಗ ಜಾಸ್ತಿಯೇ ಆಯಿತು. ದ್ವೀಪದಲ್ಲಿದ್ದ ಇಲಿಗಳನ್ನು 1993ರಲ್ಲಿ ಪೂರ್ತಿ ತೆಗೆದಿದ್ದಾರೆ. ಒಂದು ಬಸುರಿ ಇಲಿ ಬೋಟ್ ಹತ್ತಿದರೂ ಸಾಕು, ಗೂಡಿನ ಮೊಟ್ಟೆ-ಮರಿಗಳಿಗೆ ಅಪಾಯ. ಇರುವೆಗಳಿವೆಯಾ ಅಂತಲೂ ನೋಡಿ. ಶೂ ಅಡಿಯ ಮಣ್ಣನ್ನು ಹಳೇ ಬ್ರಷ್‌ನಿಂದ ಉಜ್ಜಿ. ಸಾಕ್ಸ್‌ಗೆ ಅಂಟಿದ ಹುಲ್ಲಿನ ಬೀಜ ಕಿತ್ತು ಮನೆಯ ಕಸದ ಬುಟ್ಟಿಗೇ ಹಾಕಿ.

ದ್ವೀಪದಲ್ಲಿ ಊಟ ಸಿಗುವುದಿಲ್ಲ. ಚಪಾತಿಯೋ ಚಿತ್ರಾನ್ನವೋ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಕಟ್ಟಿಕೊಳ್ಳಿ. ಬಾಯಿ ತೆರೆದ ಕೈಚೀಲ ಬೇಡ. ಊಟಕ್ಕೆ ಕೂತರೆ ಟಕಾಹೆ ಹತ್ತಿರವೇ ಬರಬಹುದು. ಒಂದು ತುತ್ತು ಹಾಕದಿದ್ದರೆ ನಮ್ಮಮ್ಮನಿಗಂತೂ ಸಮಾಧಾನವಿಲ್ಲ. ಆದರೂ ಹಾಕಬೇಡಿ. ಕಸ ವಾಪಸ್ ತನ್ನಿ, ಅಲ್ಲಿ ಬುಟ್ಟಿ ಇಟ್ಟಿಲ್ಲ.